ಹಿಂದಿನ ಕೋಣೆಯ ಸಿಗ್ನಲ್

ಹಳೆಯ ರೂಟರಿನ ಬೆನ್ನಿಗಿದ್ದ ಸಣ್ಣ ತೂತಿಗೆ ಗುಂಡುಸೂಜಿ ಚುಚ್ಚಿ, ಒತ್ತಿ ಹಿಡಿದು, ಹತ್ತರವರೆಗೆ ಎಣಿಸಬೇಕಿತ್ತು. ಏಳಕ್ಕೆ ಬಂದಾಗ ಹಿಂದಿನ ಕೋಣೆಯ ಬಾಗಿಲು ಮುಚ್ಚಿದ ಸದ್ದು ಕೇಳಿ ವಾದಿರಾಜನ ಎಣಿಕೆ ತಪ್ಪಿತು. ಭಾನುವಾರ ಬೆಳಗಿನ ಹತ್ತೂವರೆ. ಆ ಕೋಣೆಯಲ್ಲಿ ಇದ್ದವರು ಇಬ್ಬರು: ಮೂರು ತಿಂಗಳ ಹಿಂದೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಮ್ಮ ಸೀತಮ್ಮ, ಅವಳನ್ನು ನೋಡಿಕೊಳ್ಳಲು ಬರುವ ಹುಸೇನಮ್ಮ. ಹಗಲು ಹೊತ್ತಿನಲ್ಲಿ ಬಾಗಿಲು ಯಾಕೆ ಮುಚ್ಚಬೇಕು? ಸ್ನಾನ, ಬಟ್ಟೆ ಬದಲಿಸುವುದು ಎಲ್ಲ ಎಂಟಕ್ಕೇ ಮುಗಿದಿತ್ತು. ಗೀಸರ್ ಹಾಕಿಕೊಟ್ಟವನು ಅವನೇ. ಸೂಜಿ ಒತ್ತಿದ ಹೆಬ್ಬೆರಳು ಬೆಳ್ಳಗಾಗಿತ್ತು. ಎಂಟಾಯಿತೋ ಒಂಬತ್ತಾಯಿತೋ ತಿಳಿಯದೆ ಮತ್ತೆ ಒಂದರಿಂದ ಶುರು ಮಾಡಿದ. ಬಾಗಿಲಿನ ಆಚೆ ಪಿಸುಮಾತು, ಆಮೇಲೆ ಬಕೆಟ್ಟಿನ ಹಿಡಿ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಅವನು ಕಿವಿಗೊಟ್ಟು ಕೇಳಿದ.

ಹೊಸ ತಿಪ್ಪಸಂದ್ರದ ಆ ಮನೆ ಬೀದಿಯ ಪಕ್ಕಕ್ಕೇ ಉದ್ದಕ್ಕೆ ರೈಲುಡಬ್ಬಿಯಂತೆ ಚಾಚಿತ್ತು. ಹಾಲಿನಲ್ಲಿಟ್ಟ ಹೊಸ ರೂಟರಿನ ಸಿಗ್ನಲ್ ಅಡುಗೆಮನೆ, ಬಚ್ಚಲುಮನೆ ದಾಟಿ ಹಿಂದಿನ ಕೋಣೆ ಸೇರುವಷ್ಟರಲ್ಲಿ ಸತ್ತುಹೋಗುತ್ತಿತ್ತು. ಅಮ್ಮ ಟ್ಯಾಬಿನಲ್ಲಿ ಕೇಳುವ ಪ್ರವಚನ ವಾಕ್ಯದ ನಡುವೆ ನಿಂತು, ಆಚಾರ್ಯರು ಬಾಯಿ ತೆರೆದುಕೊಂಡೇ ಉಳಿದುಬಿಡುತ್ತಿದ್ದರು. ಮಗಳು ಆಶ್ರಿತಾ ಇನ್ನೊಂದು ಹೊಸದನ್ನೇ ತರಿಸು ಎಂದಿದ್ದಳು. ಆದರೆ ಅದೇ ಕಂಪನಿಯ ಹಳೆಯ ರೂಟರ್ ಅಟ್ಟದ ಮೇಲೆ ಬಿದ್ದಿತ್ತು. ಅದನ್ನು ಹೊಸದರ ಜೊತೆಗೆ ನೋಡ್ ಆಗಿ ಸೇರಿಸಿ, ಎರಡೂ ಸೇರಿ ಒಂದೇ ವೈಫೈ ಮಾಡಬಹುದೆಂದು ಅವನು ಎಲ್ಲೋ ಓದಿದ್ದ. ಇಪ್ಪತ್ತೊಂಬತ್ತು ವರ್ಷ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಕೂತವನು; ಚೆನ್ನಾಗಿರುವ ವಸ್ತುವನ್ನು ಎಸೆಯುವುದಕ್ಕೆ ಅವನ ಕೈ ಬರುತ್ತಿರಲಿಲ್ಲ. ಲೋಹದ ತುಂಡಿಗೆ ಕೆಂಪು ದ್ರವ ಬಳಿದು, ಒರೆಸಿ, ಮೇಲೆ ಬಿಳಿ ಪುಡಿ ಉದುರಿಸಿ ಕಾಯುವುದು ಅವನ ಕೆಲಸ. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಕೆಂಪು ಮೆಲ್ಲಗೆ ಹೊರಗೆ ಬರುತ್ತದೆ. ಬರದಿದ್ದರೆ ತುಂಡು ಸರಿಯಿದೆ ಎಂದಲ್ಲ, ತಾನು ಸರಿಯಾಗಿ ನೋಡಿಲ್ಲ ಎಂದು ಅವನು ಎರಡನೆಯ ಸಲ ಬಳಿಯುತ್ತಿದ್ದ. ಹೆಂಡತಿ ರೇವತಿ ಅನ್ನಕ್ಕೆ ಎಷ್ಟು ವಿಸಿಲ್ ಕೂಗಿಸಿದಳೆಂಬುದನ್ನೂ ಅವನು ಎಣಿಸುತ್ತಾನೆಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಈಚೆಗೆ ಯಾರೂ ಆ ತಮಾಷೆ ಮಾಡುತ್ತಿಲ್ಲವೆಂದು ಈಗ ಥಟ್ಟನೆ ಹೊಳೆಯಿತು. ಯಾವಾಗಿನಿಂದ?

ಮೊದಲ ಸಲ ನೋಡ್ ಸೇರಲಿಲ್ಲ. ಕಿತ್ತಳೆ ದೀಪ ಮಿಟುಕಿ ಮಿಟುಕಿ ನಿಂತಿತು. ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ಆಶ್ರಿತಾ, "ಹೊಸದರ ಪಕ್ಕಕ್ಕೆ ತಗೊಂಡ್ಹೋಗಿ ಸೇರಿಸ್ಬೇಕು ಅಪ್ಪ. ಪರಿಚಯ ಆದ್ಮೇಲೆ ದೂರ ಇಡ್ಬಹುದು. ಫಸ್ಟ್ ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡು" ಎಂದಳು. ಅಪ್‌ಡೇಟ್ ಆಯಿತು. ಎರಡನ್ನೂ ಟಿವಿ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಫೋನಿನಲ್ಲಿ ರೂಟರಿನ ಆಪಿನ ಚಕ್ರ ತಿರುಗಿ ತಿರುಗಿ, ಕೊನೆಗೆ ಹಳೆಯದರ ದೀಪ ನೀಲಿಯಾಗಿ ಕದಲದೆ ನಿಂತಿತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಮಗಳ ಕಡೆ ತಿರುಗಿ ನಕ್ಕ. ಅವಳು ನಗಲಿಲ್ಲ. "ಅಜ್ಜಿ ರೂಮಲ್ಲೇ ಇಡ್ಬೇಕಾ? ಪ್ಯಾಸೇಜಲ್ಲಿಟ್ರೆ ಸಾಕಾಗಲ್ವಾ?" ಎಂದು ಕೇಳಿದಳು.

"ಯಾಕೆ, ರೂಮಲ್ಲಿಟ್ರೆ ಏನು?"

"ಏನಿಲ್ಲ. ಸುಮ್ನೆ ಕೇಳ್ದೆ."

ಸುಮ್ಮನೆ ಯಾರೂ ಏನನ್ನೂ ಕೇಳುವುದಿಲ್ಲ. ಅವನು ರೂಟರನ್ನು ಎದೆಗವಚಿಕೊಂಡು ಹೋಗಿ ಹಿಂದಿನ ಕೋಣೆಯ ಬಾಗಿಲು ತಟ್ಟಿದ. ತನ್ನ ಮನೆಯ ಬಾಗಿಲನ್ನೇ ತಟ್ಟಿ ಕಾಯುವಾಗ, ಮೂರು ತಿಂಗಳ ಹಿಂದೆ ಇದೇ ಹುಸೇನಮ್ಮ ಕೆಲಸ ಕೇಳಿಕೊಂಡು ಬಂದು ಹೊಸ್ತಿಲಾಚೆ ನಿಂತದ್ದು ನೆನಪಾಯಿತು. ಹೆಸರು ಕೇಳಿ ಅವನು ತಡೆದಿದ್ದ. ಅಮ್ಮ ಮಡಿಯವಳು, ಕಟ್ಟುನಿಟ್ಟಿನವಳು. "ಹುಸೇನಮ್ಮ ಅಂದ್ರೆ... ನೀವು?" ಎಂದು ಅರ್ಧಕ್ಕೇ ಬಿಟ್ಟಿದ್ದ ಪ್ರಶ್ನೆಯನ್ನು ಅವಳು ಪೂರ್ತಿಯಾಗಿ ಕೇಳಿಸಿಕೊಂಡಿದ್ದಳು. "ನಮ್ಮ ಯಾದಗಿರಿ ಕಡಿ ಮೊಹರಂ ದೇವ್ರಿಗಿ ಹರಕಿ ಹೊತ್ತು ಹುಟ್ಟಿದ್ರ ಹಿಂಗ ಹೆಸರಿಡ್ತಾರ್ರಿ. ನನ್ನ ಗಂಡನ ಹೆಸರು ನಿಂಗಣ್ಣ. ಸಾಕೇನ್ರಿ?" ಆ 'ಸಾಕೇನ್ರಿ' ಅವನೊಳಗೆ ಮುಳ್ಳಿನಂತೆ ಉಳಿದಿತ್ತು. ಒಳಗಿನಿಂದ ಅಮ್ಮ ಎಲ್ಲ ಕೇಳಿಸಿಕೊಂಡು, "ಅವಳನ್ನ ಒಳಗೆ ಕರಿಯೋ ವಾದಿ, ಬಿಸಿಲಲ್ಲಿ ನಿಲ್ಲಿಸ್ಬೇಡ" ಎಂದಿದ್ದಳು. ಅಮ್ಮ ಅವನನ್ನು ಸಣ್ಣವನನ್ನಾಗಿ ಮಾಡಿದ ರೀತಿ ಅದು.

ಬಾಗಿಲು ತೆರೆಯಿತು. ಕೋಣೆಯಲ್ಲಿ ಅಗರಬತ್ತಿಯ ಹೊಗೆ, ಅದರ ಕೆಳಗೆ ಫಿನಾಯಿಲ್. ದೇವರಮನೆ ಮುಂದುಗಡೆ ಇರುವಾಗ ಇಲ್ಲಿ ಎರಡೆರಡು ಅಗರಬತ್ತಿ ಯಾಕೆ? ಹುಸೇನಮ್ಮ ಬಾಗಿಲ ಪಕ್ಕದಲ್ಲಿದ್ದ ತನ್ನ ರೆಕ್ಸಿನ್ ಚೀಲವನ್ನು ಕಾಲಿನಿಂದ ಮಂಚದ ಕೆಳಕ್ಕೆ ಸರಿಸಿದಳು. ಅವಸರವಿಲ್ಲದೆ ಸರಿಸಿದ್ದರಿಂದಲೇ ಅವನು ಅದನ್ನು ನೋಡಿದ. ಬೆಳಿಗ್ಗೆ ಬರುವಾಗ ಆ ಚೀಲ ಚಪ್ಪಟೆಯಾಗಿತ್ತು, ಈಗ ಹೊಟ್ಟೆ ಉಬ್ಬಿಸಿಕೊಂಡಿತ್ತು. ಕಪಾಟಿನ ಮೇಲೆ ರೂಟರ್ ಇಟ್ಟು ಪ್ಲಗ್ ಚುಚ್ಚಿದ. ನೀಲಿ ದೀಪ ಹತ್ತಿತು.

"ಏನೋ ಅದು?" ಅಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು.

"ವೈಫೈ ಅಮ್ಮ. ಇನ್ಮೇಲೆ ನಿನ್ನ ಪ್ರವಚನ ನಿಲ್ಲಲ್ಲ."

"ಅದು ನೋಡುತ್ತೇನೋ?"

"ದೀಪ ಅಮ್ಮ ಅದು. ನೋಡಲ್ಲ."

ಅಮ್ಮ ಹುಸೇನಮ್ಮನ ಮುಖ ನೋಡಿದಳು. ಹುಸೇನಮ್ಮ ಕಿಟಕಿಯ ಕಡೆ ನೋಡಿದಳು. ಇಬ್ಬರ ನಡುವೆ ಹಾದುಹೋದದ್ದು ಏನೆಂದು ತಿಳಿಯಲಿಲ್ಲ, ಹಾದುಹೋದದ್ದಂತೂ ನಿಜ. ಪ್ರವಚನ ಹಾಕಿ ತೋರಿಸಿದ. ಆಚಾರ್ಯರು ಒಮ್ಮೆಯೂ ನಿಲ್ಲದೆ ಮಾತಾಡಿದರು. ಅಮ್ಮ ಕೇಳುತ್ತಿರಲಿಲ್ಲ, ಮಗ ಯಾವಾಗ ಹೊರಗೆ ಹೋಗುತ್ತಾನೋ ಎಂದು ಕಾಯುತ್ತಿದ್ದಳು.

ಆಪ್ ಅವನಿಗೆ ಕೊಟ್ಟದ್ದು ಅವನು ಕೇಳಿರದಿದ್ದ ವರ. ಮನೆಯಲ್ಲಿ ಯಾವ ಫೋನು ಯಾವ ರೂಟರನ್ನು ಹಿಡಿದುಕೊಂಡಿದೆ, ಎಷ್ಟು ಹೊತ್ತಿನಿಂದ ಎಂಬುದನ್ನು ಅದು ತೋರಿಸುತ್ತಿತ್ತು. ಒಂದೇ ರೂಟರ್ ಇದ್ದಾಗ ಎಲ್ಲ ಫೋನೂ ಒಂದೇ ಗುಂಪು. ಈಗ ಎರಡು ಹೆಸರು: 'ಹಾಲ್', 'ಹಿಂದಿನ ಕೋಣೆ'. ರೇವತಿ ಫೋನು ಹಿಡಿದು ಅಡುಗೆಮನೆಯಿಂದ ಅಮ್ಮನ ಹತ್ತಿರ ಹೋದರೆ, ಒಂದು ಗಳಿಗೆಯಲ್ಲಿ ಅವಳ ಹೆಸರು ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಜಾರುತ್ತಿತ್ತು. ಹಿಂದಿನ ಕೋಣೆಯ ಪಟ್ಟಿಯಲ್ಲಿ ಅಮ್ಮನ ಟ್ಯಾಬಿನ ಕೆಳಗೆ ಪರಿಚಯವಿಲ್ಲದ ಒಂದು ಫೋನೂ ಇತ್ತು. "ಹುಸೇನಮ್ಮಂದು. ಅಜ್ಜಿ ಹೇಳಿದ್ರು, ಪಾಸ್‌ವರ್ಡ್ ನಾನೇ ಕೊಟ್ಟೆ" ಎಂದಳು ಆಶ್ರಿತಾ. ತನ್ನನ್ನು ಕೇಳದೆ! ಆ ಫೋನಿಗೆ 'ಹು' ಎಂದು ಹೆಸರು ಹಾಕಿಕೊಂಡ.

ಕಾರ್ಖಾನೆಯ ಒಳಗೆ ಫೋನು ಒಯ್ಯುವಂತಿಲ್ಲ. ಗೇಟಿನ ಪಕ್ಕದ ಲಾಕರುಗಳಲ್ಲಿ ಇಟ್ಟು ಹೋಗಬೇಕು. ಸೋಮವಾರ ಮಧ್ಯಾಹ್ನ ಕ್ಯಾಂಟೀನಿನ ಗಂಟೆ ಬಾರಿಸಿದಾಗ ಅವನು ತಟ್ಟೆಯ ಸಾಲು ಬಿಟ್ಟು ಲಾಕರಿನ ಕಡೆ ನಡೆದ. ಬಿಸಿಲಲ್ಲಿ ಕಾದ ತಗಡಿನ ಬಾಗಿಲು ತೆರೆದು, ಫೋನನ್ನು ಹೊರಗೆ ತೆಗೆಯದೆ ಲಾಕರಿನೊಳಗೇ ತಲೆ ತೂರಿಸಿ ನೋಡಿದ. ಹನ್ನೆರಡೂವರೆಯವರೆಗೆ 'ಹು' ಹಿಂದಿನ ಕೋಣೆಯಲ್ಲಿತ್ತು. ಹನ್ನೆರಡು ಮೂವತ್ತೈದಕ್ಕೆ ಹಾಲ್. ಆಮೇಲೆ ಪಟ್ಟಿಯಲ್ಲೇ ಇಲ್ಲ. ಎಂದರೆ ಮನೆಯಿಂದ ಹೊರಗೆ. ಎಂದರೆ ಅಮ್ಮ ಒಬ್ಬಳೇ. ಒಂದು ಗಂಟೆ ಹತ್ತು ನಿಮಿಷದವರೆಗೆ ಅವನು ಅಲ್ಲೇ ನಿಂತಿದ್ದ. ಹೆಗಲ ಹಿಂದಿನಿಂದ, "ಏನ್ ಸಾರ್, ಷೇರಾ? ಏರ್ತಾ ಇದೆಯಾ ಇಳೀತಾ ಇದೆಯಾ?" ಎಂದು ಅದೇ ವಿಭಾಗದ ಮುನಿರಾಜ್ ಕೇಳಿದಾಗ ಬೆಚ್ಚಿ ಲಾಕರಿನ ಅಂಚಿಗೆ ಹಣೆ ತಗುಲಿಸಿಕೊಂಡ. ಕದ್ದವನು ತಾನೇ ಎಂಬಂತೆ ಫೋನನ್ನು ಒಳಗೆ ತಳ್ಳಿ ಬೀಗ ಹಾಕಿದ. ಹಸಿವಿನ ಹೊಟ್ಟೆಯಲ್ಲಿ ಮಧ್ಯಾಹ್ನವೆಲ್ಲ ಬಿಳಿ ಪುಡಿ ಉದುರಿಸಿದ. ಕೆಂಪು ಕಾಣದ ತುಂಡೊಂದನ್ನು ಮೂರು ಸಲ ಬಳಿದು ನೋಡಿದ. ಹುಡುಗನಾಗಿದ್ದಾಗ ಅಮ್ಮನ ಡಬ್ಬಿಯಿಂದ ಕೊಬ್ಬರಿ ಸಕ್ಕರೆ ಕದ್ದು ತಿಂದು, ತಮ್ಮನ ಮೇಲೆ ಹೇಳಿ, ಅವನಿಗೆ ಏಟು ಬೀಳುವಾಗ ಬಾಗಿಲ ಸಂದಿನಿಂದ ನೋಡುತ್ತ ನಿಂತದ್ದು ಯಾಕೋ ಕಣ್ಣ ಮುಂದೆ ಬಂತು. ಆ ತಮ್ಮ ಮೂವತ್ತು ತುಂಬುವ ಮೊದಲೇ ಹೋದ. ಕದ್ದದ್ದು ತಾನೆಂದು ಯಾರಿಗೂ ಹೇಳಿದ್ದಿಲ್ಲ.

ಮಂಗಳವಾರ ಅದೇ ಹೊತ್ತಿಗೆ 'ಹು' ಮಾಯವಾಯಿತು. ಆದರೆ ಹಿಂದಿನ ಕೋಣೆಯ ಪಟ್ಟಿಯಲ್ಲಿ ಇನ್ನೊಂದು ಹೆಸರು ಬಂದು ಕೂತಿತ್ತು: ರೇವತಿ. ರೇವತಿ ಕೆಲಸ ಮಾಡುವ ವಿಮಾ ಕಚೇರಿ ದೊಮ್ಮಲೂರಿನಲ್ಲಿದೆ. ಸ್ಕೂಟರಿನಲ್ಲಿ ಕಾಲು ಗಂಟೆ. ಆ ಹೊತ್ತಿಗೆ ಅವಳು ಅಲ್ಲಿ ಡಬ್ಬಿ ಬಿಚ್ಚಿ ಕೂತಿರಬೇಕು. ಸಂಜೆ ಅವಳು ಸೊಪ್ಪು ಬಿಡಿಸುವಾಗ ಎದುರಿಗೆ ಕೂತು, ತಾನೂ ನಾಲ್ಕು ದಂಟು ಮುರಿದು, "ಇವತ್ತು ಊಟ ಎಲ್ಲಿ ಮಾಡ್ದೆ?" ಎಂದು ಕೇಳಿದ.

"ಎಲ್ಲಿ ಅಂದ್ರೆ? ಆಫೀಸಲ್ಲೇ."

"ಬಿಸಿಲು ಜಾಸ್ತಿ ಇತ್ತು ಅಲ್ವಾ ಮಧ್ಯಾಹ್ನ?"

"ನನಗೇನ್ರೀ ಗೊತ್ತು, ಎ.ಸಿ.ಲಿ ಕೂತಿರ್ತೀನಿ." ಅವಳ ಕೈ ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವಳು ಹೇಳಿದ ಸುಳ್ಳುಗಳು ಎಷ್ಟಿರಬಹುದು? ಅವು ಇಷ್ಟೇ ಸಲೀಸಾಗಿ ಬಂದಿದ್ದರೆ ತನಗೆ ಗೊತ್ತಾಗಿರುವ ಸಂಭವವೇ ಇಲ್ಲ. ಅವಳ ಬೆರಳುಗಳ ನಡುವೆ ಹುಳ ತಿಂದ ಎಲೆಗಳು ಒಂದು ಕಡೆ, ಒಳ್ಳೆಯವು ಒಂದು ಕಡೆ ಬೀಳುತ್ತಿದ್ದವು. ಮೂವರು ಹೆಂಗಸರು. ಏನು ನಡೆಸುತ್ತಿದ್ದಾರೆ? ಅಮ್ಮನ ಹತ್ತಿರ ಏನಾದರೂ ಬರೆಸಿಕೊಳ್ಳುತ್ತಿದ್ದಾರೆಯೇ? ಛೇ, ರೇವತಿ ಅಂಥವಳಲ್ಲ. ಸರಿಯಿದೆ ಎಂದು ಮುದ್ರೆ ಒತ್ತಿದ ಎಷ್ಟು ತುಂಡುಗಳಲ್ಲಿ ಆಮೇಲೆ ಬಿರುಕು ಕಂಡಿಲ್ಲ.

ಬುಧವಾರ ಹುಸೇನಮ್ಮ ಕೆಲಸ ಮುಗಿಸಿ ಹೋದ ಮೇಲೆ ಅಮ್ಮನ ಕಪಾಟು ತೆರೆದ. ಟ್ಯಾಬಿನ ಚಾರ್ಜರ್ ಹುಡುಕುವವನಂತೆ ನಟಿಸಿದ. ಅಮ್ಮನ ಹಳೆಯ ನೂಲಿನ ಸೀರೆಗಳ ಅಟ್ಟಿ ಅರ್ಧಕ್ಕೆ ಇಳಿದಿತ್ತು. ಕರಿ ಅಂಚಿನ ಹಸಿರು ಸೀರೆ ಇರಲಿಲ್ಲ. ಅಪ್ಪನ ಅರವತ್ತಕ್ಕೆ ಉಟ್ಟದ್ದು. ಎರಡು ಹಾಸುಗಂಬಳಿ, ಹೂವಿನ ಬೆಡ್‌ಶೀಟುಗಳು ಇರಲಿಲ್ಲ.

"ಅಮ್ಮ, ನಿನ್ನ ಸೀರೆಗಳೆಲ್ಲಿ?"

"ನಾನೇ ಕೊಟ್ಟೆ."

"ಯಾರಿಗೆ?"

"ನನ್ನ ಸೀರೆ, ನಾನು ಕೊಟ್ಟೆ. ಅದಕ್ಕೂ ನಿನ್ನ ಸಹಿ ಬೇಕೇನೋ?" ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಕಿವಿಯ ಹಿಂದಿನ ಚರ್ಮ ಮಗುವಿನದರಂತೆ ತೆಳ್ಳಗಿತ್ತು. ಈ ಮುದುಕಿಯನ್ನು ಹೆದರಿಸಿ ಇಟ್ಟಿದ್ದಾರೆ ಎಂದು ಅವನಿಗೆ ಖಚಿತವಾಯಿತು. ಆ ಖಚಿತದಲ್ಲಿ ಒಂದು ರೀತಿಯ ನೆಮ್ಮದಿಯೂ ಇತ್ತು. ಬಿರುಕು ಕಂಡಿತ್ತು.

ಗುರುವಾರ ಹನ್ನೆರಡು ಗಂಟೆಗೆ ಔಟ್‌ಪಾಸ್ ಬರೆಸಿಕೊಂಡು ಹೊರಬಿದ್ದ. ಮಾರ್ಕೆಟ್ ರೋಡಿನ ಜನಸಂದಣಿಯಲ್ಲಿ, ತಳ್ಳುಗಾಡಿಗಳ ನಡುವೆ, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ನಡೆದ. 'ಹು' ಹಿಂದಿನ ಕೋಣೆ. ರೇವತಿ ಇನ್ನೂ ಇಲ್ಲ. ಬೇಕರಿಯ ಹತ್ತಿರ ಬಂದಾಗ ರೇವತಿ ಪಟ್ಟಿಯಲ್ಲಿ ಮೂಡಿದಳು, ಹಾಲ್. ತರಕಾರಿಯವಳಿಗೆ ಡಿಕ್ಕಿ ಹೊಡೆದ. ಅವಳು ತಮಿಳಿನಲ್ಲಿ ಏನೋ ಬೈದಳು. ಮನೆಯ ಬೀದಿಗೆ ತಿರುಗುವಷ್ಟರಲ್ಲಿ 'ಹು' ಹಾಲಿಗೆ ಬಂದು ಆರಿಹೋಯಿತು. ತಲೆ ಎತ್ತಿದರೆ ಹುಸೇನಮ್ಮ ಗೇಟು ಹಾಕಿ ಎದುರಿಗೇ ಬರುತ್ತಿದ್ದಾಳೆ. ಹೆಗಲಲ್ಲಿ ಅದೇ ರೆಕ್ಸಿನ್ ಚೀಲ, ಭಾರಕ್ಕೆ ಒಂದು ಕಡೆ ವಾಲಿದ ನಡಿಗೆ. ಚಿಕ್ಕವೆಂಕಟಪ್ಪನ ಇಸ್ತ್ರಿ ಗಾಡಿಯ ಪಕ್ಕದಲ್ಲಿ ಇಬ್ಬರೂ ನಿಂತರು.

"ಏನಿದೆ ಚೀಲದಲ್ಲಿ?"

"ಏನಿಲ್ರಿ. ನನ್ನ ಅರಿವಿ."

"ತೆಗೀರಿ, ನೋಡ್ತೀನಿ."

"ಬ್ಯಾಡ್ರಿ ಅಣ್ಣಾರ." ಅವಳು ಚೀಲವನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. "ಇಲ್ಲಿ ಬ್ಯಾಡ. ಮನಿಗಿ ನಡೀರಿ, ತೋರಸ್ತೀನಿ."

"ಮನೆಯಿಂದ ಹೊರಗೆ ತಂದಿದ್ದು ಇಲ್ಲೇ ತೋರಿಸಿ." ತನ್ನ ದನಿ ಏರಿದ್ದು ಅವನಿಗೆ ಕೇಳಿಸಿತು. ಚಿಕ್ಕವೆಂಕಟಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. ಬಟ್ಟೆ ಕೊಡಲು ಬಂದಿದ್ದ ಪಕ್ಕದ ಮನೆಯಾಕೆ ಹೋಗದೆ ನಿಂತಳು. ಅವನು ಚೀಲದ ಹಿಡಿಗೆ ಕೈ ಹಾಕಿ ಎಳೆದ. ಅವಳು ಬಿಡಲಿಲ್ಲ. ಜಿಪ್ಪು ಬಿರಿದು, ಒಳಗಿನ ಪ್ಲಾಸ್ಟಿಕ್ ಕವರಿನ ಬಾಯಿ ತೆರೆದು, ಕರಿ ಅಂಚಿನ ಹಸಿರು ಸೀರೆಯ ಒಂದು ತುದಿ ಹೊರಗೆ ಬಂತು. ಒದ್ದೆಯಾಗಿತ್ತು. ಅದರ ಹಿಂದೆಯೇ ಆ ವಾಸನೆ ಬಂತು. ಫಿನಾಯಿಲೂ ಅಗರಬತ್ತಿಯೂ ಇಷ್ಟು ದಿನ ಮುಚ್ಚಿಟ್ಟಿದ್ದ, ಮನುಷ್ಯನ ದೇಹದ ವಾಸನೆ. ಸೀರೆಯ ಮೇಲೆ ಕಂದುಹಳದಿ ಕಲೆ. ಅವನ ಕೈ ಹಿಡಿಯಲ್ಲೇ ಉಳಿಯಿತು. ಹುಸೇನಮ್ಮ ಆ ತುದಿಯನ್ನು ಒಳಗೆ ತುರುಕಿ, ಸೆರಗಿನಿಂದ ಚೀಲದ ಬಾಯಿ ಮುಚ್ಚಿ, "ಬಿಡ್ರಿ ಈಗರ" ಎಂದಳು. ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ. ಗಾಡಿಯ ಆಚೆ ನಿಂತವರಿಗೆ ಕಂಡದ್ದು ಒಂದು ಹಳೆಯ ಸೀರೆ, ಸಿಕ್ಕಿಬಿದ್ದ ಕೆಲಸದವಳು. ಅವಳು ತಲೆ ಬಗ್ಗಿಸದೆ ಅವರ ನಡುವೆಯೇ ಹಾದು ಹೋದಳು.

ಅಡುಗೆಮನೆಯಲ್ಲಿ ರೇವತಿ ದನಿ ಏರಿಸಲಿಲ್ಲ. ಗೋಡೆಯ ಆಚೆ ಅಮ್ಮ ಇದ್ದಳು. "ಎರಡು ತಿಂಗಳಾಯ್ತು. ದಿನಾ ಎರಡು ಮೂರು ಸಲ ಹಾಸಿಗೇಲೇ ಆಗುತ್ತೆ. ಪ್ಯಾಡ್ ಹಾಕಿದ್ರೆ ಬೆನ್ನೆಲ್ಲ ಹುಣ್ಣಾಯ್ತು, ಅದಕ್ಕೇ ಹಳೇ ಸೀರೆ. ಇಲ್ಲಿ ಒಗೆದು ಟೆರೇಸಲ್ಲಿ ಹಾಕಿದ್ರೆ ನೀವು ಕೇಳ್ದೆ ಬಿಡ್ತಿದ್ರಾ? ಹುಸೇನಮ್ಮ ತನ್ನ ರೂಮಲ್ಲಿ ಒಗ್ಕೊಂಡು ಬರ್ತಿದ್ಲು. ಆ ಹೊತ್ತು ಅಮ್ಮ ಒಬ್ರೇ ಇರಬಾರ್ದು ಅಂತ ನಾನು ಬರ್ತಿದ್ದೆ, ಸೋಮವಾರ ಒಂದಿನ ಆಗ್ಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ಆಸ್ಪತ್ರೆ ಕಾರಿಡಾರಲ್ಲಿ ಏನಂದ್ರಿ, ನೆನಪಿದೆಯಾ?"

ಇರಲಿಲ್ಲ. ನೆನಪಿಲ್ಲವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿ ಕಾಗದದ ಲೋಟದ ಬಿಸಿ ಕಾಣಿಸಿಕೊಂಡಿತು, ಮಷಿನ್ನಿನ ಟೀ. ಡಾಕ್ಟರು ಆಗಷ್ಟೇ ಹೋಗಿದ್ದರು. ತಾನೇ ಅಂದಿದ್ದ: 'ಎದ್ದು ಬಾತ್‌ರೂಮಿಗೆ ಹೋಗೋವರೆಗೆ ಸರಿ. ಹಾಸಿಗೇಲೇ ಆಗೋಕೆ ಶುರುವಾದ್ರೆ ನಮ್ ಕೈಲಾಗಲ್ಲ ರೇವತಿ. ಆವಾಗ ಯಾವ್ದಾದ್ರೂ ಓಲ್ಡ್ ಏಜ್ ಹೋಮ್ ನೋಡ್ಬೇಕಾಗುತ್ತೆ.' ದಣಿದಿದ್ದ. ಟೀ ತುಂಬ ಸಿಹಿಯಾಗಿತ್ತು. ಅಷ್ಟೇ.

"ರೂಮಿನ ಬಾಗಿಲು ತೆಗೆದೇ ಇತ್ತು. ಅಮ್ಮಂಗೆ ಎಚ್ಚರ ಇತ್ತು" ಎಂದಳು ರೇವತಿ. "ಮೊದಲನೇ ಸಲ ಆದಾಗ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸಿದ್ರು. ವಾದಿಗೆ ಹೇಳ್ಬೇಡ, ಕಳಿಸಿಬಿಡ್ತಾನೆ ಅಂತ."

"ಆಶ್ರಿತಾಗೆ?"

"ಗೊತ್ತು."

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾಲ್ಕು ದಿನದಿಂದ ಲಾಕರಿನಲ್ಲಿ ತಲೆ ತೂರಿಸಿ ಅವನು ಕಂಡುಹಿಡಿದದ್ದರಲ್ಲಿ ಒಂದೂ ಸುಳ್ಳಲ್ಲ. ಹೊತ್ತು, ಹೆಸರು, ಹೊರಗೆ ಹೋದದ್ದು, ಒಳಗೆ ಬಂದದ್ದು, ಎಲ್ಲ ಸರಿಯಾಗಿಯೇ ಇತ್ತು. ಅವನು ಹಿಂದಿನ ಕೋಣೆಗೆ ಹೋದ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕಿಟಕಿ ಬೀದಿಯ ಕಡೆಗೇ ಇತ್ತು, ತೆರೆದಿತ್ತು. ಬೀದಿಯ ಗಲಾಟೆಯನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಏನು ಮಾಡಬೇಕೆಂದು ತೋಚದೆ ಕಪಾಟಿನ ಮೇಲಿನ ರೂಟರಿನ ವಯರು ಕಿತ್ತು, ಅದನ್ನು ಹಾಲಿಗೆ ತಂದು ಮೇಜಿನ ಮೇಲೆ ಕುಕ್ಕಿದ. ಸಂಜೆ ಕಾಲೇಜಿನಿಂದ ಬಂದ ಆಶ್ರಿತಾ ಅದನ್ನು ನೋಡಿ, ಅಪ್ಪನ ಮುಖ ನೋಡಿ, "ಅದೇನ್ ಮಾಡ್ತು ಪಾಪ?" ಎಂದಳು. ಮತ್ತೆ ಎತ್ತಿಕೊಂಡು ಹೋಗಿ ಅಲ್ಲೇ ಇಟ್ಟಳು. ಆಚಾರ್ಯರ ಧ್ವನಿ ಕೇಳಿಸಿತು. ಅವನು ತನ್ನ ಫೋನಿನಿಂದ ಆಪನ್ನು ಅಳಿಸಿಹಾಕಿದ. ಇಷ್ಟೇ ಮಾಡಿ ಮುಗಿಯಿತೆಂದುಕೊಳ್ಳುವುದು ಎಷ್ಟು ಸುಲಭ ಎಂದೂ ಅನ್ನಿಸಿತು.

ಶುಕ್ರವಾರ ಹುಸೇನಮ್ಮ ಬರಲಿಲ್ಲ. ರೇವತಿಯ ಕಚೇರಿಯಲ್ಲಿ ಆಡಿಟ್; ಬೆಳಿಗ್ಗೆ ಅಮ್ಮನ ಬಟ್ಟೆ ಬದಲಿಸಿ, "ನೀವೇ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಹೋದಳು. ಅವನು ರಜೆ ಹಾಕಿ ಕೂತ. ಒಂಬತ್ತಕ್ಕೆ ಕಾಫಿ ಒಯ್ದ, ಬೇಡವೆಂದಳು. ಹತ್ತಕ್ಕೆ ನೀರು ಒಯ್ದ, ಬೇಡವೆಂದಳು. ತುಟಿ ಒಣಗಿ ಬಿರಿದಿತ್ತು. ಕುಡಿದರೆ ಹೊರಗೆ ಬರುತ್ತದೆ, ಅದನ್ನು ಮಗ ನೋಡಬೇಕಾಗುತ್ತದೆ ಎಂಬುದಕ್ಕೇ ಬೇಡವೆಂದು ಅವನಿಗೆ ಅರ್ಥವಾಗಲು ಮೂರನೆಯ ಲೋಟ ಬೇಕಾಯಿತು. ಹತ್ತೂವರೆಗೆ ಕೋಣೆಯಲ್ಲಿ ಆ ವಾಸನೆ ಬಂತು. ಅಮ್ಮ ಗೋಡೆಯನ್ನು ನೋಡುತ್ತಿದ್ದಳು.

"ಅಮ್ಮ, ಬಟ್ಟೆ ಬದಲಿಸ್ಲಾ?"

"ಬೇಡ. ರೇವತಿ ಬರ್ಲಿ."

"ಸಾಯಂಕಾಲ ಆಗುತ್ತೆ ಅವಳು ಬರೋದು."

"ಆಗ್ಲಿ." ಅವನು ಹೊದಿಕೆಯ ಅಂಚು ಮುಟ್ಟಿದ. ಅಮ್ಮನ ಕೈ ಛಕ್ಕನೆ ಬಂದು ಅದನ್ನು ಹಿಡಿದುಕೊಂಡಿತು. ಆ ಕೈಯಲ್ಲಿ ಅಷ್ಟು ಬಲ ಉಳಿದಿದೆಯೆಂದು ಅವನು ಎಣಿಸಿರಲಿಲ್ಲ. "ಎಲ್ಲಿ ಸೇರಿಸ್ತೀಯೋ ಸೇರಿಸು ವಾದಿ. ನೀನು ಮಾತ್ರ ಮುಟ್ಟಬೇಡ" ಎಂದಳು.

ಕಾಲೇಜಿಗೆ ಹೊರಟಿದ್ದ ಆಶ್ರಿತಾಳನ್ನು ಅಜ್ಜಿಯ ಹತ್ತಿರ ಕೂರಿಸಿ ಅವನು ಹುಸೇನಮ್ಮ ಇರುವ ಮಲ್ಲೇಶ್‌ಪಾಳ್ಯಕ್ಕೆ ನಡೆದ. ಶೀಟು ಹೊದಿಸಿದ ಸಾಲು ಕೋಣೆಗಳು, ಕೊನೆಯಲ್ಲಿ ಒಂದು ನಲ್ಲಿ. ದಾರಕ್ಕೆ ನೇತುಹಾಕಿದ್ದ ಬಟ್ಟೆಗಳಲ್ಲಿ ಮೊದಲು ಕಂಡದ್ದು ಆ ಹಸಿರು ಸೀರೆ, ಕಲೆಯಿಲ್ಲದೆ, ಗಾಳಿಗೆ ಹಾರುತ್ತಿತ್ತು. ನಿನ್ನೆ ಅಷ್ಟು ಆದ ಮೇಲೂ ಒಗೆದಿದ್ದಾಳೆ. ನಿಂಗಣ್ಣ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹುಸೇನಮ್ಮ ಬಾಗಿಲಲ್ಲೇ ಕೂತು ಜೋಳ ಹಸನು ಮಾಡುತ್ತಿದ್ದಳು. ಒಳಗೆ ಕರೆಯಲಿಲ್ಲ. ಬಿಸಿಲಿತ್ತು. ಅವನು ನಿಂತ.

"ತಪ್ಪಾಯ್ತು ಹುಸೇನಮ್ಮ. ನನಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರ ಕೇಳ್ಬೇಕ್ರಿ. ಮನಿಗಿ ನಡೀರಿ ಅಂದೆ, ನಡದ್ರೇನು?" ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ನಿನ್ನಿ ಸಂಜಿಕ್ಕ ಆ ಬೀದ್ಯಾಗ ಇನ್ನೊಂದು ಮನಿ ಕೆಲಸಾನೂ ಹೋಯ್ತು. ಬರೂದು ಬ್ಯಾಡ ಅಂತ ಫೋನ್ ಮಾಡಿದ್ರು. ಕಳ್ಳಿ ಅಂತ ಅನಲಿಲ್ಲ, ಅಷ್ಟು ಪುಣ್ಯ."

"ಅಮ್ಮ ನೀರು ಕುಡೀತಿಲ್ಲ."

ಅವಳ ಕೈ ನಿಂತಿತು. "ನಿನ್ನಿಲಿಂದನಾ?"

"ಹೌದು. ನನ್ನನ್ನ ಹತ್ರ ಸೇರಿಸ್ತಿಲ್ಲ."

ಹುಸೇನಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಬರ್ತೀನ್ರಿ. ಅಮ್ಮಾರ ಸಲುವಾಗಿ. ಆದ್ರ ನೀವು ನನ್ನ ಜೋಡಿ ನಡೀಬೇಕು. ಇಸ್ತ್ರಿ ಬಂಡಿ ಮುಂದ ನಿಂತು, ಈಕಿ ಏನೂ ಕದ್ದಿಲ್ಲ ಅಂತ ಹೇಳ್ಬೇಕು. ನಾ ಇನ್ನ ಅದೇ ಬೀದ್ಯಾಗ ಅನ್ನ ತಿನ್ನಾಕಿ."

ದಾರಿಯುದ್ದಕ್ಕೂ ಅವಳು ಹತ್ತು ಹೆಜ್ಜೆ ಹಿಂದೆ ಬಂದಳು. ಹೇಳಬೇಕಾದ ಮಾತನ್ನು ಅವನು ಹತ್ತಾರು ಸಲ ಜೋಡಿಸಿ ನೋಡಿದ. ಕಷ್ಟದ್ದೇನಲ್ಲ: ನಿನ್ನೆ ನಾನು ತಪ್ಪು ತಿಳಿದುಕೊಂಡೆ. ಗಾಡಿಯ ಹತ್ತಿರ ಚಿಕ್ಕವೆಂಕಟಪ್ಪನ ಜೊತೆ ಅದೇ ಪಕ್ಕದ ಮನೆಯಾಕೆ ಇದ್ದಳು, ಹಾಲಿನ ಬೂತಿನವನೂ ಬಂದು ನಿಂತಿದ್ದ. ವಾದಿರಾಜ ಗಾಡಿಯ ಮುಂದೆ ನಿಂತ. "ನಿನ್ನೆ ನಾನು ಈಯಮ್ಮನ್ನ ಸುಮ್ಸುಮ್ನೆ ತಡೆದೆ. ಇವರು ಏನೂ ಕದ್ದಿಲ್ಲ."

"ಅಯ್ಯೋ, ಹೌದಾ ಸಾರ್?" ಎಂದ ಚಿಕ್ಕವೆಂಕಟಪ್ಪ. ಅನುಮಾನ ಅವನ ಮುಖದಿಂದ ಹೋಗಿರಲಿಲ್ಲ. "ಸೀರೆ ನಾವೂ ನೋಡಿದ್ವಲ್ಲ ಸಾರ್. ಅಮ್ಮಾವ್ರದ್ದೇ ಅದು, ನಾನೇ ಎಷ್ಟೋ ಸಲ ಇಸ್ತ್ರಿ ಮಾಡಿದೀನಿ. ಮತ್ತೆ ಅಷ್ಟು ದೊಡ್ಡ ಚೀಲದಲ್ಲಿ ಏನಿತ್ತು?"

ಇದನ್ನು ಅವನು ಜೋಡಿಸಿಕೊಂಡಿರಲಿಲ್ಲ. ಪಕ್ಕದ ಮನೆಯಾಕೆ ಕುತ್ತಿಗೆ ಮುಂದೆ ಮಾಡಿದಳು. ಅನುಮಾನ ಹೇಗೆ ನೋಡುತ್ತದೆ ಎಂಬುದನ್ನು ಅವನು ಎದುರಿನಿಂದ ಕಂಡದ್ದು ಇದೇ ಮೊದಲು; ನಗುನಗುತ್ತಲೇ, ಒಳಗೆ ಕೈ ಹಾಕಿ. ಹತ್ತು ಮಾರು ಆಚೆ ಅಮ್ಮನ ಕಿಟಕಿ ತೆರೆದಿತ್ತು. ಹಿಂದೆ ಹುಸೇನಮ್ಮ ನಿಂತದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ನಿಜ ಹೇಳಿದರೆ ಇವಳು ಪಾರು, ಅಮ್ಮ ಈ ಬೀದಿಯಲ್ಲಿ ಮುಗಿದಳು. ಹೇಳದಿದ್ದರೆ ಇವಳು ಮುಗಿದಳು.

"ನನ್ನ ಬಟ್ಟೆ" ಎಂದ.

"ಆಂ?"

"ನನ್ನ ಹಾಸಿಗೆ ಬಟ್ಟೆ. ಒಂದು ಕಾಯಿಲೆ ಇದೆ ನನಗೆ. ತಡ್ಕೊಳಕ್ಕಾಗಲ್ಲ, ಮಲಗಿದ್ದಲ್ಲೇ ಆಗ್ಬಿಡುತ್ತೆ." ದನಿ ಏರಿಸಿಯೇ ಹೇಳಿದ, ನಿನ್ನೆಯಷ್ಟೇ ಎತ್ತರಕ್ಕೆ. "ಅಮ್ಮನ ಹಳೇ ಸೀರೆ ಹಾಸ್ಕೊಂಡು ಮಲಗ್ತೀನಿ. ಮನೇಲಿ ಒಗೆಯೋಕೆ ನಾಚ್ಕೆ ಆಗಿ ಇವರ ಹತ್ರ ಒಗೆಸ್ತಿದ್ವಿ. ನಿನ್ನೆ ಇವರು ಅದನ್ನ ತೋರಿಸ್ಬಾರ್ದು ಅಂತ ನೋಡಿದ್ರು, ನಾನೇ ಗಲಾಟೆ ಮಾಡ್ದೆ."

ಹಾಲಿನ ಬೂತಿನವನು ಕೆಳಗೆ ನೋಡಿದ. ಪಕ್ಕದ ಮನೆಯಾಕೆಯ ಕಣ್ಣು ಒಂದು ಕ್ಷಣ ಅವನ ಪ್ಯಾಂಟಿನ ಮೇಲೆ ಇಳಿದು ಮೇಲಕ್ಕೆ ಬಂದದ್ದನ್ನು ಅವನು ನೋಡಿದ. ಇನ್ನು ಮುಂದೆ ಈ ಬೀದಿಯಲ್ಲಿ ನಡೆಯುವಾಗಲೆಲ್ಲ ಆ ಕಣ್ಣು ಹಾಗೆಯೇ ಇಳಿಯುತ್ತದೆ. ಕಾರ್ಖಾನೆಗೂ ಸುದ್ದಿ ತಲುಪುತ್ತದೆ, ಮುನಿರಾಜನ ಭಾವಮೈದುನ ಇದೇ ಬೀದಿಯವನು. "ಟ್ರೀಟ್‌ಮೆಂಟ್ ತಗೊಳ್ಳಿ ಸಾರ್, ಎಲ್ಲ ಸರಿ ಹೋಗುತ್ತೆ" ಎಂದ ಚಿಕ್ಕವೆಂಕಟಪ್ಪ ಕರುಣೆಯಿಂದ. ಆಮೇಲೆ ಹುಸೇನಮ್ಮನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಮ್ಮ" ಎಂದ. ಹುಸೇನಮ್ಮ ವಾದಿರಾಜನನ್ನು ದಾಟಿ ಮುಂದೆ ಹೋಗಿ ಗೇಟು ತೆಗೆದು, ಅವನು ಒಳಗೆ ಬರುವವರೆಗೆ ಹಿಡಿದು ನಿಂತಳು.

ಹಿಂದಿನ ಕೋಣೆಯಲ್ಲಿ ಆಶ್ರಿತಾ ಎದ್ದು ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಕಿಟಕಿಯಿಂದ ಇಸ್ತ್ರಿ ಗಾಡಿಯ ಇದ್ದಲಿನ ಹೊಗೆ ಬರುತ್ತಿತ್ತು. ಅಮ್ಮ ಗೋಡೆಯ ಕಡೆಯಿಂದ ಈಚೆಗೆ ಹೊರಳಿದ್ದಳು. ಹುಸೇನಮ್ಮ ಬಕೆಟ್ಟಿಗೆ ಬಿಸಿನೀರು ಬಿಟ್ಟುಕೊಂಡು ಬಂದು, ಸೆರಗು ಸಿಕ್ಕಿಸಿ, "ನೀವು ಹೊರಗ ಹೋಗ್ರಿ ಅಣ್ಣಾರ" ಎಂದಳು. ಅವನು ಬಾಗಿಲಿನವರೆಗೆ ಹೋದ.

"ಇರ್ಲಿ ಬಿಡು" ಎಂದಳು ಅಮ್ಮ. "ಕಲೀಲಿ ಅವನೂ. ಭಾನುವಾರ ಮಧ್ಯಾಹ್ನ ಆದ್ಮೇಲೆ ನೀನಿರಲ್ಲ."

ಹುಸೇನಮ್ಮ ತೋರಿಸಿಕೊಟ್ಟಳು. ಒಂದು ಕೈ ಹೆಗಲ ಕೆಳಗೆ, ಒಂದು ಕೈ ತೊಡೆಯ ಕೆಳಗೆ. ಆಪರೇಷನ್ ಆದ ಕಾಲನ್ನು ತಿರುಚಬಾರದು. ಒದ್ದೆಯದನ್ನು ಬೆನ್ನಿನವರೆಗೆ ಸುತ್ತಿ ತಂದು, ಒಣಗಿದ್ದನ್ನು ಅದರ ಪಕ್ಕದಿಂದಲೇ ಬಿಚ್ಚುತ್ತ ಹೋಗಬೇಕು. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಕಪಾಟು, ಗೋಡೆ, ಕ್ಯಾಲೆಂಡರು ನೋಡಿದ. "ನೋಡಿ ಮಾಡ್ರಿ, ಇಲ್ಲಂದ್ರ ಅಮ್ಮಾರಿಗಿ ನೋವಾಗ್ತದ" ಎಂದು ಹುಸೇನಮ್ಮ ಗದರಿಸಿದಳು. ಆಗ ನೋಡಿದ. ಬೆನ್ನ ಮೇಲೆ ಎರಡು ಮಾಯ್ದ ಹುಣ್ಣುಗಳ ಗುರುತಿತ್ತು. ಬಟ್ಟೆ ಹಿಂಡಿ, ಒರೆಸಿ, ಪೌಡರ್ ಹಾಕಿ, ಅಮ್ಮನನ್ನು ಮೆಲ್ಲಗೆ ಹೊರಳಿಸಿದಾಗ ಅವಳ ಮುಖ ಅವನ ಎದೆಯ ಹತ್ತಿರ ಬಂತು. ಇಷ್ಟೇನಾ ಅವಳ ಭಾರ ಎನ್ನಿಸಿತು.

ದಿಂಬಿಗೆ ಒರಗಿಸಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು.

"ನೀರು ಕೊಡೋ" ಎಂದಳು.

ಅವನು ಅರ್ಧ ಲೋಟ ತಂದ. ಅಮ್ಮ ಒಳಗೆ ನೋಡಿ, "ಇಷ್ಟು ಯಾರಿಗೆ ಸಾಲುತ್ತೆ? ತುಂಬ ತಗೊಂಡ್ಬಾ" ಎಂದಳು.